ಸ್ವತಂತ್ರ ತಂತ್ರಾಂಶದ ಸ್ನಾತಕೋತ್ತರ ಪಠ್ಯಕ್ರಮ: ಹಲವು ವಿಶ್ವವಿದ್ಯಾನಿಲಯಗಳ ಒಂದು ಪ್ರಯತ್ನ

ಪಠ್ಯಕ್ರಮವೊಂದು ಸಾಮಾನ್ಯವಾಗಿ ಒಂದೇ ವಿಶ್ವವಿದ್ಯಾನಿಲಯದ ಸೊತ್ತಾಗಿರುತ್ತದೆ. ಅದರ ಅಧ್ಯಯನ ಮಂಡಲಿಯೇ ಅದನ್ನು ರಚಿಸುತ್ತದೆ. ಅದರ ಅಧ್ಯಾಪಕರೇ ಬೋಧಿಸುತ್ತಾರೆ. ಅದರ ಮುದ್ರೆಯೇ ಪದವಿಪತ್ರದ ಮೇಲೆ ಬೀಳುತ್ತದೆ. ಬೇರೆ ಬೇರೆ ದೇಶಗಳ ವಿಶ್ವವಿದ್ಯಾನಿಲಯಗಳು ಕೂಡಿ ಒಂದೇ ಸ್ನಾತಕೋತ್ತರ ಪಠ್ಯಕ್ರಮವನ್ನು ಹಂಚಿಕೊಳ್ಳಬೇಕಾದರೆ ಮೊದಲು ಇತ್ಯರ್ಥವಾಗಬೇಕಾದ ವಿಷಯ ಯಾವುದು? ಯೂರೋಪಿನಲ್ಲಿ ಸ್ವತಂತ್ರ ತಂತ್ರಾಂಶದ ವ್ಯಾಸಂಗಕ್ಕಾಗಿ ನಡೆದ ಒಂದು ಪ್ರಯತ್ನವನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ನಾವು ಗಣಕಶಾಸ್ತ್ರಜ್ಞರಲ್ಲ, ಇತಿಹಾಸದ ಅಧ್ಯಾಪಕರು. ಈ ವಿಷಯವು ನಮ್ಮ ಗಮನವನ್ನು ಸೆಳೆದುದೇಕೆಂಬುದು ಮುಂದೆ ತಿಳಿಯುವುದು.

ಸ್ವತಂತ್ರ ತಂತ್ರಾಂಶವೆಂದರೆ ಬೆಲೆಯಿಲ್ಲದ ತಂತ್ರಾಂಶವೆಂದು ಅರ್ಥವಲ್ಲ. ಇಂಗ್ಲಿಷಿನಲ್ಲಿ 'ಸ್ವತಂತ್ರ', 'ಉಚಿತ' ಎಂಬೆರಡಕ್ಕೂ ಒಂದೇ ಶಬ್ದವಿರುವುದರಿಂದ ಅಲ್ಲಿ ಗೊಂದಲವುಂಟು. ಕನ್ನಡಕ್ಕೆ ಆ ತೊಡಕಿಲ್ಲ. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಸಾರಿ, 1985ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನನ್ನು ಸ್ಥಾಪಿಸಿದರು. ತಂತ್ರಾಂಶವನ್ನು ಬಳಸುವ, ಅದರ ಮೂಲಸಂಕೇತವನ್ನು ಓದಿ ಅಭ್ಯಸಿಸುವ, ತಿದ್ದುವ, ಇತರರಿಗೆ ಹಂಚುವ ಹಕ್ಕುಗಳು ಬಳಕೆದಾರನಿಗಿರಬೇಕೆಂಬುದು ಈ ಪಂಥದ ತಿರುಳು. 1989ರಲ್ಲಿ ಹೊರಬಂದ ಅವರ ಸಾರ್ವಜನಿಕ ಪರವಾನಗಿಯು ಇದಕ್ಕೊಂದು ಕಟ್ಟನ್ನೂ ವಿಧಿಸಿತು: ತಿದ್ದಿದ ಕೃತಿಯನ್ನು ಹಂಚುವವನು ತಾನು ಪಡೆದ ಹಕ್ಕುಗಳನ್ನೇ ಮುಂದಿನವನಿಗೂ ಕೊಡತಕ್ಕದ್ದು.

ಬಾರ್ಸಿಲೋನಾದಲ್ಲಿರುವ ಕಟಲೋನಿಯಾ ಮುಕ್ತ ವಿಶ್ವವಿದ್ಯಾನಿಲಯವು 2003ರಲ್ಲಿ ಈ ವಿಷಯದ ಸ್ನಾತಕೋತ್ತರ ವ್ಯಾಸಂಗವನ್ನು ಆರಂಭಿಸಿತು. ಅದರ ಪೀಠಿಕಾಗ್ರಂಥವನ್ನು ಬರೆದವರಾದ ಬರಾಹೋನಾ, ಸೆಯೋವಾನೆ, ರೋಬ್ಲೆಸ್ ಎಂಬವರು ಮ್ಯಾಡ್ರಿಡ್ಡಿನ ವಿಶ್ವವಿದ್ಯಾನಿಲಯಗಳ ಅಧ್ಯಾಪಕರು. ಹಂಚಿಕೆಯ ಬೀಜ ಆಗಲೇ ಬಿದ್ದಿತ್ತು. 2008ರಲ್ಲಿ ಇದೇ ವಿಶ್ವವಿದ್ಯಾನಿಲಯವೂ ನೆದರ್ಲೆಂಡ್ಸಿನ ಮುಕ್ತ ವಿಶ್ವವಿದ್ಯಾನಿಲಯವೂ ನಾರ್ವೆಯ ಆಗ್ಡರ್ ವಿಶ್ವವಿದ್ಯಾನಿಲಯವೂ ಫ್ರೀ ನಾಲೆಜ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯೊಡನೆ ಸೇರಿ, ಯೂರೋಪಿಯನ್ ಒಕ್ಕೂಟದ ನೆರವಿನಿಂದ ಫ್ರೀ ಟೆಕ್ನಾಲಜಿ ಅಕಾಡೆಮಿಯನ್ನು ಕಟ್ಟಿದವು.

ಪರಸ್ಪರ ಮಾನ್ಯತೆಯ ಸಮಸ್ಯೆ ಅಷ್ಟೇನೂ ಕಠಿಣವಾಗಿರಲಿಲ್ಲ. 1999ರ ಬೊಲೋನ್ಯಾ ಘೋಷಣೆಯ ತರುವಾಯ ಯೂರೋಪಿನಲ್ಲಿ ವರ್ಷಕ್ಕೆ 60 ಕ್ರೆಡಿಟ್, ಒಂದೊಂದಕ್ಕೂ ಸುಮಾರು 25ರಿಂದ 30 ಗಂಟೆಗಳ ವ್ಯಾಸಂಗ ಎಂಬ ಅಳತೆ ರೂಢಿಗೆ ಬಂದಿತು. ಅಳೆಯುವ ಕೊಳಗ ಒಂದೇ ಆದ ಮೇಲೆ ಬೇರೆಡೆ ಅಳೆದ ಧಾನ್ಯವನ್ನು ಒಪ್ಪಿಕೊಳ್ಳುವುದು ಸುಲಭ.

ಕಷ್ಟವಿದ್ದುದು ಪಾಠಗಳಲ್ಲಿ. ಇಂಥ ಪಠ್ಯಕ್ರಮದಲ್ಲಿ ಗಣಕಜಾಲದ ನಿರ್ವಹಣೆ, ತಂತ್ರಾಂಶದ ರಚನೆಗಳೊಡನೆ ಕಾನೂನು, ಅರ್ಥಶಾಸ್ತ್ರಗಳೂ ಸೇರುತ್ತವೆ. ಜಾಲದ ನಿಯಮಗಳು ನಾರ್ವೆಯಲ್ಲಿಯೂ ಸ್ಪೇನಿನಲ್ಲಿಯೂ ಒಂದೇ, ಕಾನೂನು ಹಾಗಲ್ಲ. ಅದು ದೇಶದಿಂದ ದೇಶಕ್ಕೂ ವರ್ಷದಿಂದ ವರ್ಷಕ್ಕೂ ಬೇರೆಯಾಗುತ್ತದೆ. ತಂತ್ರಾಂಶಕ್ಕೆ ಪೇಟೆಂಟ್ ನೀಡುವ ಬಗ್ಗೆ 2002ರಲ್ಲಿ ಮಂಡಿತವಾದ ಯೂರೋಪಿನ ಕರಡು ಶಾಸನವನ್ನು ಅಲ್ಲಿನ ಸಂಸತ್ತು 2005ರ ಜುಲೈ 6ರಂದು 648 ಮತಗಳಿಂದ ತಿರಸ್ಕರಿಸಿತು. ಶಾಸನದ ಪರವಾಗಿ ಬಿದ್ದವು 14 ಮಾತ್ರ. 2003ರಲ್ಲಿ ಈ ಕರಡನ್ನು ವಿವರಿಸಿ ಬರೆದ ಯಾವ ಪಾಠವೇ ಆಗಲಿ ಅಂದಿಗೆ ಹಳತಾಯಿತು. ಅದನ್ನು ತಿದ್ದುವವರು ಯಾರು? ಲೇಖಕನ ಅನುಮತಿ ಬರುವ ತನಕ ಮೂರು ದೇಶಗಳ ವಿದ್ಯಾರ್ಥಿಗಳು ತಪ್ಪನ್ನೇ ಓದಬೇಕೆ? ಆದುದರಿಂದ ಹಂಚಿಕೆಯ ಪಠ್ಯಕ್ರಮದಲ್ಲಿ ಮೊದಲು ಕೇಳಬೇಕಾದುದು ಏನನ್ನು ಕಲಿಸಬೇಕೆಂಬುದಲ್ಲ, ಪಾಠವನ್ನು ಯಾವ ಪರವಾನಗಿಯ ಕೆಳಗೆ ಬರೆಯಬೇಕೆಂಬುದು ಎಂದು ನಮ್ಮ ಅಭಿಪ್ರಾಯ.

ಮೇಲೆ ಹೇಳಿದ ಪೀಠಿಕಾಗ್ರಂಥವು ಗ್ನೂ ಯೋಜನೆಯ ದಾಖಲೆ ಪರವಾನಗಿಯ ಕೆಳಗೆ ಪ್ರಕಟವಾಯಿತು. 2000ದಲ್ಲಿ ರಚಿತವಾದ ಈ ಪರವಾನಗಿಯಲ್ಲಿ ಒಂದು ವಿಧಿಯುಂಟು. ಕೃತಿಯಲ್ಲಿ 'ಇತಿಹಾಸ' ಎಂಬ ಶೀರ್ಷಿಕೆಯ ಭಾಗವೊಂದಿರಬೇಕು, ತಿದ್ದಿದವನು ಹೊಸ ಪಾಠದ ಹೆಸರು, ವರ್ಷ, ಲೇಖಕರು, ಪ್ರಕಾಶಕರು ಇವನ್ನು ಅಲ್ಲಿ ಬರೆದಿಡಬೇಕು, ಹಿಂದಿನದನ್ನು ಅಳಿಸಕೂಡದು. ನಮ್ಮ ಓಲೆಗರಿಗಳ ಲಿಪಿಕಾರರು ಇಷ್ಟನ್ನು ಪಾಲಿಸಿದ್ದರೆ ಗ್ರಂಥಸಂಪಾದಕರು ಪಾಠಾಂತರಗಳ ನಡುವೆ ಇಷ್ಟು ತೊಳಲಬೇಕಾಗಿರಲಿಲ್ಲ! ಪ್ರತಿಯ ಕೊನೆಯಲ್ಲಿ ಹೆಸರನ್ನೂ ಸಂವತ್ಸರವನ್ನೂ ಬರೆದವರುಂಟು. ತಾನು ಯಾವ ಪ್ರತಿಯಿಂದ ಬರೆದೆನೆಂದು ಹೇಳಿದವರು ವಿರಳ.

ಆದರೆ ಈ ಪರವಾನಗಿ ದೋಷರಹಿತವಲ್ಲ. ಕೃತಿಯ ಕೆಲವು ಭಾಗಗಳನ್ನು ತಿದ್ದಬಾರದೆಂದು ಕಟ್ಟುಮಾಡಲು ಅದು ಲೇಖಕನಿಗೆ ಅವಕಾಶ ಕೊಡುತ್ತದೆ. ಅಂಥ ಭಾಗಗಳುಳ್ಳ ಕೃತಿ ಸ್ವತಂತ್ರವಲ್ಲವೆಂದು ಡೆಬಿಯನ್ ಯೋಜನೆಯವರು 2006ರಲ್ಲಿ ಮತ ಹಾಕಿ ನಿರ್ಣಯಿಸಿದರು. ಇದಕ್ಕಿಂತ ದೊಡ್ಡ ತೊಡಕು ಬೇರೊಂದು: ಒಂದು ಪಾಠ ಈ ಪರವಾನಗಿಯಲ್ಲಿಯೂ ಇನ್ನೊಂದು ಕ್ರಿಯೇಟಿವ್ ಕಾಮನ್ಸಿನ ಸಮಾನ ಹಂಚಿಕೆಯ ಪರವಾನಗಿಯಲ್ಲಿಯೂ ಇದ್ದರೆ, ಎರಡೂ ಸ್ವತಂತ್ರವಾಗಿದ್ದರೂ ಎರಡನ್ನು ಬೆಸೆದು ಒಂದು ಗ್ರಂಥ ಮಾಡುವಂತಿಲ್ಲ. ವಿಕಿಪೀಡಿಯವು 2009ರಲ್ಲಿ ಪರವಾನಗಿ ಬದಲಿಸಿಕೊಂಡುದಕ್ಕೆ ಇದೂ ಒಂದು ಕಾರಣ. ಅಷ್ಟು ದೊಡ್ಡ ಕೃತಿಗೇ ಈ ಪಾಡಾದರೆ, ಮೂವರು ಅಧ್ಯಾಪಕರು ಮೂರು ಊರುಗಳಲ್ಲಿ ಬರೆದ ಪಾಠಗಳ ಗತಿಯೇನು?

ಅಕಾಡೆಮಿ ಅಂದಿನ ರೂಪದಲ್ಲಿ ಇಂದು ಇಲ್ಲ. ಪಾಠಗಳನ್ನು ಮಾತ್ರ ಇಂದಿಗೂ ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಅವುಗಳಲ್ಲೊಂದನ್ನು ನಮ್ಮ ಕಾಲೇಜುಗಳ ಅಧ್ಯಾಪಕರು ಕನ್ನಡಿಸಲು ಮುಂದಾದರೆ ಬಾರ್ಸಿಲೋನಾಕ್ಕೆ ಅನುಮತಿ ಕೇಳಿ ಬರೆಯಬೇಕಾಗಿಲ್ಲ. ಅನುವಾದವನ್ನು ಅದೇ ಪರವಾನಗಿಯಲ್ಲಿ ಹೊರತಂದು, 'ಇತಿಹಾಸ'ದ ಭಾಗದಲ್ಲಿ ತಮ್ಮ ಹೆಸರನ್ನೂ ವರ್ಷವನ್ನೂ ಸೇರಿಸಬೇಕು.