ಪುಸ್ತಕದ ಝೆರಾಕ್ಸ್: ಎಷ್ಟು ಸರಿ, ಎಲ್ಲಿ ತಪ್ಪು?

ನಮ್ಮ ವಿದ್ಯಾರ್ಥಿವೇತನ ಪಡೆಯುವ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಮಕ್ಕಳಲ್ಲಿ ಅನೇಕರು ದುಬಾರಿ ಪುಸ್ತಕಗಳ ಝೆರಾಕ್ಸ್ ಮಾಡಿಸುತ್ತಾರೆ. ಇದು ಕಳವಲ್ಲವೇ ಎಂದು ಪಾಲಕರು ಕೇಳುವುದುಂಟು. ಬೇಕಾದಷ್ಟೇ ಪುಟಗಳಾದರೆ ಅಲ್ಲ.

1957ರ ಕೃತಿಸ್ವಾಮ್ಯ ಕಾಯ್ದೆಯ ಕಲಂ 52 ಸ್ವಂತ ಓದು, ಸಂಶೋಧನೆ, ವಿಮರ್ಶೆಗಾಗಿ ನ್ಯಾಯಯುತ ಬಳಕೆಯನ್ನು ಒಪ್ಪುತ್ತದೆ. ದೆಹಲಿ ವಿಶ್ವವಿದ್ಯಾಲಯದ ಝೆರಾಕ್ಸ್ ಅಂಗಡಿಯೊಂದು ಪಾಠಕ್ಕೆ ನಿಗದಿಯಾದ ಅಧ್ಯಾಯಗಳನ್ನು ಒಟ್ಟುಮಾಡಿ ಮಾರುತ್ತಿತ್ತು. ಆಕ್ಸ್‌ಫರ್ಡ್, ಕೇಂಬ್ರಿಜ್ ಮೊದಲಾದ ಪ್ರಕಾಶಕರು 2012ರಲ್ಲಿ ದಾವೆ ಹೂಡಿದರು. 2016ರ ಸೆಪ್ಟೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ವಜಾ ಮಾಡಿತು. ಡಿಸೆಂಬರ್‌ನಲ್ಲಿ ಮೇಲ್ಮನವಿ ಪೀಠ, ಬೋಧನೆಗೆ ಅಗತ್ಯವಿದ್ದಷ್ಟು ಪ್ರತಿ ಮಾಡಬಹುದು ಎಂದಿತು. ಆ ಅಗತ್ಯ ನಿಜವಾಗಿತ್ತೇ ಎಂಬುದನ್ನು ವಿಚಾರಣೆಗೆ ಬಿಟ್ಟಿತು. 2017ರಲ್ಲಿ ಪ್ರಕಾಶಕರೇ ದಾವೆ ಹಿಂದಕ್ಕೆ ಪಡೆದರು.

ಇಡೀ ಗೈಡನ್ನು ಸ್ಕ್ಯಾನ್ ಮಾಡಿ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು, ಪ್ರತಿ ತೆಗೆದು ಮಾರುವುದು ಬೇರೆ ಮಾತು. ಆ ತೀರ್ಪಿನ ನೆರಳು ಇದಕ್ಕೆ ಸಿಗದು.

ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಗದಗಿನ ಕುಮಾರವ್ಯಾಸನ ಕಾವ್ಯ, 1889ರಲ್ಲಿ ತೀರಿಕೊಂಡ ಶಿಶುನಾಳ ಶರೀಫರ ಪದಗಳು ಎಲ್ಲರವು. ಆದರೆ ಶರೀಫರ ಪದಗಳನ್ನು ಇತ್ತೀಚಿನವರು ಹಾಡಿದ ಧ್ವನಿಮುದ್ರಣಕ್ಕೆ ಹಕ್ಕುಂಟು. ನಮ್ಮೂರಿನವರೇ ಆದ ಹುಯಿಲಗೋಳ ನಾರಾಯಣರಾಯರು ತೀರಿಕೊಂಡಿದ್ದು 1971ರಲ್ಲಿ, ಹಾಗಾಗಿ ಅವರ ಕೃತಿಗಳ ಹಕ್ಕು 2031ರ ಕೊನೆಯವರೆಗೆ.

ಪ್ರಾಜೆಕ್ಟ್ ವರದಿಯಲ್ಲಿ ಪುಸ್ತಕದ ಸಾಲು ಎತ್ತಿಕೊಂಡರೆ ಲೇಖಕರ ಹೆಸರು ಬರೆಯಲೇಬೇಕು. ಅಧ್ಯಾಯಗಳ ಝೆರಾಕ್ಸ್ ರಸೀದಿಯನ್ನು ನಾವು ಪುಸ್ತಕದ ಖರ್ಚಿನಲ್ಲಿ ಸೇರಿಸಿಕೊಳ್ಳುತ್ತೇವೆ. ಇಡೀ ಪುಸ್ತಕದ ನಕಲಿ ಪ್ರತಿಯ ರಸೀದಿಯನ್ನಲ್ಲ.