ಮೊಹರು ಒತ್ತಿದ ಮೇಲೆ

ಕೆನಡಾದ ಒಂಟಾರಿಯೊ ಪ್ರಾಂತ್ಯದ ಎಲಿಯಟ್ ಲೇಕ್ ಒಂದು ಕಾಲಕ್ಕೆ ಯುರೇನಿಯಂ ಗಣಿಗಳಿಂದ ಬದುಕಿದ ಊರು. ಅಲ್ಲಿನ ಆಲ್ಗೊ ಸೆಂಟರ್ ಮಾಲ್ 1980ರಲ್ಲಿ ಶುರುವಾದಾಗಿನಿಂದಲೂ ಸೋರುತ್ತಿತ್ತು. ಕಾರು ನಿಲ್ಲಿಸುವ ಜಾಗ ಇದ್ದದ್ದು ತಾರಸಿಯ ಮೇಲೆ. ಚಳಿಗಾಲದಲ್ಲಿ ಹಿಮ ಕರಗಿಸಲೆಂದು ರಸ್ತೆಗೆ ಸುರಿದ ಉಪ್ಪು ಕಾರುಗಳ ಗಾಲಿಯ ಜೊತೆ ಮೇಲೇರುತ್ತಿತ್ತು. ಉಪ್ಪುನೀರು ಕಾಂಕ್ರೀಟಿನ ಸಂದುಗಳಲ್ಲಿ ಇಳಿದು ಉಕ್ಕಿನ ತೊಲೆಗಳನ್ನು ಸದ್ದಿಲ್ಲದೆ ತಿನ್ನುತ್ತಿತ್ತು. ಕೆಳಗಿನ ಜನ ಬಕೆಟ್ ಇಟ್ಟು, ಟಾರ್ಪಾಲು ಕಟ್ಟಿ ದಿನ ದೂಡಿದರು. 2012ರ ಜೂನ್ 23ರ ಶನಿವಾರ ಮಧ್ಯಾಹ್ನ ತೊಲೆಯೊಂದರ ಬೆಸುಗೆ ಕಿತ್ತುಬಂತು. ತಾರಸಿ ಕುಸಿದು ಇಬ್ಬರು ಮಹಿಳೆಯರು ಪ್ರಾಣ ಬಿಟ್ಟರು.

ಅದಕ್ಕೆ ಕೆಲವೇ ವಾರ ಮೊದಲು ತಪಾಸಣೆಗೆ ಬಂದವರೊಬ್ಬರು, ಕಟ್ಟಡ ಗಟ್ಟಿಯಾಗಿದೆ ಎಂದು ವರದಿ ಬರೆದಿದ್ದರು. ಮಾಲೀಕರು ಕೇಳಿಕೊಂಡರೆಂದು, ಸಹಿಯಾದ ವರದಿಯಿಂದಲೇ ಸೋರಿಕೆಯ ಮಾತನ್ನೂ ಚಿತ್ರವನ್ನೂ ತೆಗೆದುಹಾಕಿದ್ದನ್ನು ವಿಚಾರಣೆಯಲ್ಲಿ ಅವರೇ ಒಪ್ಪಿಕೊಂಡರು. ಬೇರೊಂದು ಪ್ರಕರಣದಿಂದಾಗಿ ಆ ಹೊತ್ತಿಗೆ ಅವರ ಕೈಯಲ್ಲಿ ಎಂಜಿನಿಯರ್ ಪರವಾನಗಿ ಇರಲಿಲ್ಲ. ವರದಿಗೆ ಸಹಿ ಜೋಡಿಸಿದ ಪಾಲುದಾರರಿಗೆ ಪರವಾನಗಿ ಇತ್ತು, ಆದರೆ ಅವರು ಕಟ್ಟಡವನ್ನು ನೋಡಲು ಹೋಗಿರಲೇ ಇಲ್ಲ.

ಕುಸಿತದ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಪಾಲ್ ಬೆಲಾಂಜೆ ಆಯೋಗ 2014ರ ಅಕ್ಟೋಬರ್‌ನಲ್ಲಿ ವರದಿ ಕೊಟ್ಟಿತು. ಕಟ್ಟಡವನ್ನು ಕೆಡವಿದ್ದು ತುಕ್ಕಾದರೂ ಸೋತವರು ಮನುಷ್ಯರು ಎಂಬುದು ಅದರ ಸಾರ. ಮಾಲೀಕರು, ನಗರಾಡಳಿತ, ಬಂದು ನೋಡಿ ಹೋದ ಎಂಜಿನಿಯರುಗಳು, ಯಾರನ್ನೂ ಆಯೋಗ ಸುಮ್ಮನೆ ಬಿಡಲಿಲ್ಲ. ತಪಾಸಣೆ ಮಾಡಿದ ವ್ಯಕ್ತಿಯ ಮೇಲೆ ಕ್ರಿಮಿನಲ್ ಮೊಕದ್ದಮೆಯೂ ನಡೆಯಿತು. 2017ರಲ್ಲಿ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು.

ವೃತ್ತಿಯ ಮೇಲೆ ಪ್ರತ್ಯೇಕ ಕಣ್ಗಾವಲು ಯಾಕೆ ಬೇಕು ಎಂಬುದಕ್ಕೆ ಉತ್ತರ ಇಲ್ಲೇ ಇದೆ. ಅಪರಾಧವನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಿದರೆ ಮಾತ್ರ ನ್ಯಾಯಾಲಯ ಶಿಕ್ಷೆ ಕೊಡುತ್ತದೆ. ವೃತ್ತಿ ಮಂಡಳಿ ಕೇಳುವ ಪ್ರಶ್ನೆ ಇನ್ನೂ ಚಿಕ್ಕದು, ಇನ್ನೂ ನೇರ: ಈ ವ್ಯಕ್ತಿ ನಾಳೆ ಇನ್ನೊಂದು ಕಟ್ಟಡದ ನಕ್ಷೆಗೆ ಮೊಹರು ಒತ್ತಬಹುದೇ?

ಒಂಟಾರಿಯೊದಲ್ಲಿ ಈ ಪ್ರಶ್ನೆ ಕೇಳುವ ಅಧಿಕಾರ ‘ಪ್ರೊಫೆಷನಲ್ ಎಂಜಿನಿಯರ್ಸ್ ಒಂಟಾರಿಯೊ’ ಎಂಬ ಸಂಸ್ಥೆಗಿದೆ. 1922ರ ಕಾನೂನಿನಿಂದ ಹುಟ್ಟಿದ ಸಂಸ್ಥೆ ಇದು. ಪದವಿ ಪಡೆದ ಮಾತ್ರಕ್ಕೆ ಅಲ್ಲಿ ಯಾರೂ ‘ಪಿ.ಎಂಗ್.’ ಎಂದು ಹೆಸರಿನ ಜೊತೆ ಬರೆದುಕೊಳ್ಳುವಂತಿಲ್ಲ. ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿದ ಅನುಭವ ತೋರಿಸಬೇಕು, ಕಾನೂನು ಮತ್ತು ವೃತ್ತಿನೀತಿಯ ಪರೀಕ್ಷೆ ಪಾಸಾಗಬೇಕು. ಕರ್ನಾಟಕದ ಕಾಲೇಜುಗಳಲ್ಲಿ ಬಿ.ಇ. ಮುಗಿಸಿ ಟೊರೊಂಟೊಗೆ ಹೋದವರೂ ಇವೆರಡನ್ನೂ ಪೂರೈಸಬೇಕು. ಅನುಭವದ ಒಂದು ಭಾಗ ಕೆನಡಾದ್ದೇ ಆಗಿರಬೇಕು ಎಂಬ ಷರತ್ತು ಬಹಳ ಕಾಲ ವಲಸಿಗರಿಗೆ ಗೋಡೆಯಾಗಿತ್ತು. 2023ರಲ್ಲಿ ಸಂಸ್ಥೆ ಅದನ್ನು ಕೈಬಿಟ್ಟಿತು. ನೀತಿ ಪರೀಕ್ಷೆಯನ್ನು ಮಾತ್ರ ಬಿಡಲಿಲ್ಲ.

ಅಲ್ಲಿನ ನೀತಿಸಂಹಿತೆಯಲ್ಲಿ ಸಾರ್ವಜನಿಕರ ಹಿತಕ್ಕೇ ಮೊದಲ ಸ್ಥಾನ, ಸಂಬಳ ಕೊಡುವವರ ಹಿತ ಆಮೇಲಿನದು. ಜನರ ಜೀವಕ್ಕೆ ಅಪಾಯವಿದೆ ಎಂದು ತೋರಿದಾಗ ಅದನ್ನು ಸರಿಪಡಿಸದೆ, ವರದಿಯನ್ನೂ ಮಾಡದೆ ಕೂರುವುದೇ ದುರ್ನಡತೆ. ‘ನನ್ನ ಕೆಲಸ ಅಷ್ಟೇ ಇತ್ತು’ ಎಂಬ ಸಮಜಾಯಿಷಿಗೆ ಹೆಚ್ಚು ಬೆಲೆಯಿಲ್ಲ. ಯಾರು ಬೇಕಾದರೂ ದೂರು ಕೊಡಬಹುದು. ದೂರುಗಳ ಸಮಿತಿ ಅದನ್ನು ಪರಿಶೀಲಿಸಿ, ಹುರುಳಿದ್ದರೆ ಶಿಸ್ತು ಸಮಿತಿಗೆ ಕಳಿಸುತ್ತದೆ. ಅಲ್ಲಿ ವಕೀಲರು, ಸಾಕ್ಷಿಗಳು, ಪಾಟೀಸವಾಲು ಎಲ್ಲವೂ ಉಂಟು. ತಪ್ಪು ರುಜುವಾತಾದರೆ ಛೀಮಾರಿಯಿಂದ ಹಿಡಿದು 5,000 ಡಾಲರ್‌ವರೆಗೆ ದಂಡ, 24 ತಿಂಗಳವರೆಗೆ ಅಮಾನತು ಅಥವಾ ಪರವಾನಗಿ ರದ್ದು. ದಂಡದ ಮೊತ್ತ ದೊಡ್ಡದೇನಲ್ಲ. ತೀರ್ಪು ಪ್ರಕಟವಾಗಿ ಸಹೋದ್ಯೋಗಿಗಳ ಕಣ್ಣಿಗೆ ಬೀಳುವುದೇ ಹೆಚ್ಚು ಚುಚ್ಚುವ ಶಿಕ್ಷೆ.

ಈ ಕಟ್ಟುನಿಟ್ಟಿನ ಹಿಂದೆ ಒಂದು ಸೇತುವೆಯ ನೆನಪೂ ಇದೆ. 1907ರ ಆಗಸ್ಟ್ 29ರಂದು, ಕಟ್ಟುತ್ತಿದ್ದ ಹಂತದಲ್ಲೇ ಕ್ವಿಬೆಕ್ ಸೇತುವೆ ನದಿಗೆ ಬಿದ್ದು 75 ಕಾರ್ಮಿಕರು ಸತ್ತರು. ನಡುವಿನ ಹರವನ್ನು 1,600 ಅಡಿಯಿಂದ 1,800 ಅಡಿಗೆ ಹಿಗ್ಗಿಸಿದ್ದರು, ಸೇತುವೆಯ ತೂಕವನ್ನು ಸರಿಯಾಗಿ ಮರುಲೆಕ್ಕ ಹಾಕಿರಲಿಲ್ಲ. ಸಲಹೆಗಾರ ಎಂಜಿನಿಯರ್ ಥಿಯೊಡೋರ್ ಕೂಪರ್ ನ್ಯೂಯಾರ್ಕಿನಲ್ಲಿದ್ದರು. ಉಕ್ಕಿನ ಪಟ್ಟಿಗಳು ಬಾಗುತ್ತಿವೆ ಎಂದು ಹೇಳಲು ಸ್ಥಳದ ಎಂಜಿನಿಯರ್ ಖುದ್ದಾಗಿ ಅಲ್ಲಿಗೆ ಹೋದರು. ಹೆಚ್ಚಿನ ಭಾರ ಹೇರಬೇಡಿ ಎಂದು ಕೂಪರ್ ಕಳಿಸಿದ ತಂತಿ ಪೆನ್ಸಿಲ್ವೇನಿಯಾದ ಉಕ್ಕಿನ ಕಂಪನಿಗೆ ಹೋಯಿತು. ಕ್ವಿಬೆಕ್‌ನಲ್ಲಿ ಕೆಲಸ ನಿಲ್ಲಲಿಲ್ಲ. ಅದೇ ದಿನ ಸಂಜೆ ಸೇತುವೆ ಉರುಳಿತು.

1925ರಿಂದ ಕೆನಡಾದ ಹೊಸ ಎಂಜಿನಿಯರುಗಳು ಪ್ರತಿಜ್ಞೆ ಮಾಡಿ, ಕೆಲಸ ಮಾಡುವ ಕೈಯ ಕಿರುಬೆರಳಿಗೆ ಕಬ್ಬಿಣದ ಉಂಗುರ ತೊಡುತ್ತಾರೆ. ಪ್ರತಿಜ್ಞೆಯ ವಿಧಿಯನ್ನು ರೂಪಿಸಿದವರು ಕವಿ ರಡ್ಯಾರ್ಡ್ ಕಿಪ್ಲಿಂಗ್. ಉಂಗುರ ಮಾಡಿದ್ದು ಬಿದ್ದ ಸೇತುವೆಯ ಕಬ್ಬಿಣದಿಂದ ಎಂಬುದು ಬರೀ ದಂತಕಥೆ.

ಕಾನೂನು, ಪ್ರತಿಜ್ಞೆ, ಉಂಗುರ ಎಲ್ಲ ಇದ್ದೂ ಎಲಿಯಟ್ ಲೇಕ್‌ನ ಮಾಲ್ ಕುಸಿಯಿತಲ್ಲ ಎಂದು ಕೇಳಬಹುದು. ಕುಸಿಯಿತು, ನಿಜ. ಆದರೆ ಲೋಪ ಎಲ್ಲಾಯಿತು ಎಂದು ಹುಡುಕಿ ತಿದ್ದಲು ಅಲ್ಲೊಂದು ವ್ಯವಸ್ಥೆ ಇತ್ತು. ಎಂಜಿನಿಯರುಗಳ ಕಲಿಕೆ ನಿಲ್ಲಬಾರದು, ಶಿಸ್ತುಕ್ರಮದ ವಿವರ ಜನರಿಗೆ ಸುಲಭವಾಗಿ ಸಿಗಬೇಕು ಎಂದು ಬೆಲಾಂಜೆ ಆಯೋಗ ಹೇಳಿತ್ತು. ಎಳೆದಾಡಿ, ಎಳೆದಾಡಿ 2023ರಲ್ಲಿ ನಿರಂತರ ಕಲಿಕೆ ಕಡ್ಡಾಯವಾಯಿತು.

ಭಾರತದಲ್ಲಿ ವೈದ್ಯರು, ವಕೀಲರು, ಲೆಕ್ಕ ಪರಿಶೋಧಕರಿಗೆ ಶಾಸನಬದ್ಧ ಮಂಡಳಿಗಳಿವೆ. ವಾಸ್ತುಶಿಲ್ಪಿಗಳಿಗೆ 1972ರ ಕಾಯ್ದೆ ಇದೆ. ಎಂಜಿನಿಯರುಗಳಿಗೆ ಅಂಥದ್ದಿಲ್ಲ. 1920ರಲ್ಲಿ ಆರಂಭವಾದ ‘ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್’ಗೆ ಸ್ವಂತ ನೀತಿಸಂಹಿತೆ ಇದ್ದರೂ ಅದರ ಸದಸ್ಯತ್ವ ಕಡ್ಡಾಯವಲ್ಲ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಸಂಕೀರ್ಣ ಕುಸಿದು 19 ಜನ ಸತ್ತಾಗ ಪೊಲೀಸರು ಬಂದರು, ಬಂಧನಗಳಾದವು. ‘ಇವರು ಮತ್ತೆ ನಕ್ಷೆಗೆ ಸಹಿ ಹಾಕಬಹುದೇ’ ಎಂದು ಕೇಳಲು ಮಾತ್ರ ದೇಶಕ್ಕೆಲ್ಲ ಅನ್ವಯಿಸುವ ಮಂಡಳಿಯೊಂದು ಇರಲಿಲ್ಲ. ಎಂಜಿನಿಯರುಗಳ ಮಸೂದೆಯ ಕರಡು ಒಂದಕ್ಕಿಂತ ಹೆಚ್ಚು ಸಲ ಸಿದ್ಧವಾಗಿದೆ. ಅದನ್ನು ಇನ್ನೂ ಕರಡಾಗಿಯೇ ಉಳಿಸಿಕೊಳ್ಳಲು ಸರ್ಕಾರಕ್ಕೆ ಒಪ್ಪುವಂಥ ಕಾರಣವೊಂದೂ ಉಳಿದಿಲ್ಲ.