ಹಬೆಯಲ್ಲಿ ಬೆಂದ ಬನ್ನು: ಎಷ್ಟು ಹಗುರ?

ಎಣ್ಣೆಯಿಲ್ಲದೆ ಹಬೆಯಲ್ಲಿ ಬೆಂದ ತಿಂಡಿಯನ್ನು ಎಷ್ಟು ತಿಂದರೂ ಬಾಧಕವಿಲ್ಲ ಎಂದು ನೀವು ನಂಬಿದ್ದೀರಾ? ಹಾಗಾದರೆ ಚೀನಾ ದೇಶದ 'ಮಾಂಟೌ' ಬನ್ನಿನ ವಿಚಾರ ತಿಳಿದುಕೊಳ್ಳುವುದು ಒಳ್ಳೆಯದು.

ಉತ್ತರ ಚೀನಾ ಗೋಧಿ ಬೆಳೆಯುವ ಸೀಮೆ. ನಮಗೆ ಅನ್ನ, ಮುದ್ದೆ ಇದ್ದಂತೆ ಅಲ್ಲಿನವರಿಗೆ ಮಾಂಟೌ. ಬೆಳ್ಳಗೆ, ಮೆತ್ತಗೆ ಇರುವ ಇದರಲ್ಲಿ ಹೂರಣವಿರುವುದಿಲ್ಲ. ಹೂರಣ ತುಂಬಿದರೆ ಅದು 'ಬಾವೋಜಿ'.

ಇದರ ಹುಟ್ಟಿನ ಬಗ್ಗೆ ಒಂದು ದಂತಕಥೆ ಇದೆ. ಕ್ರಿ.ಶ. 225ರಲ್ಲಿ ದಂಡಯಾತ್ರೆ ಮುಗಿಸಿ ಮರಳುತ್ತಿದ್ದ ಮಂತ್ರಿ ಝೂಗೆ ಲಿಯಾಂಗ್‌ಗೆ ಉಕ್ಕುವ ನದಿಯೊಂದು ಅಡ್ಡವಾಯಿತು. ನದಿ ಶಾಂತವಾಗಲು ನರಬಲಿ ಬೇಕೆಂದರು ಸ್ಥಳೀಯರು. ಆತ ಹಿಟ್ಟಿನೊಳಗೆ ಮಾಂಸ ತುಂಬಿ, ತಲೆಯಾಕಾರದ ಉಂಡೆಗಳನ್ನು ಮಾಡಿಸಿ ಅರ್ಪಿಸಿದನಂತೆ! ಕಥೆ ಹೇಗೇ ಇರಲಿ, ಕ್ರಿ.ಶ. 300ರ ಸುಮಾರಿನ ಪಂಡಿತ ಷು ಷಿ ಹಿಟ್ಟಿನ ತಿನಿಸುಗಳನ್ನು ಕುರಿತು ಬರೆದ ಕೃತಿಯಲ್ಲಿ ಮಾಂಟೌ ಹೆಸರಿದೆ.

ಗೋಧಿ ಹಿಟ್ಟು, ನೀರು, ಯೀಸ್ಟ್ ಇಷ್ಟೇ ಇದರ ಸಾಮಗ್ರಿ. ಹಿಂದೆ ಉಳಿದ ಹುಳಿಹಿಟ್ಟನ್ನೇ ಹೆಪ್ಪಾಗಿ ಬಳಸಿ, ಹುಳಿ ಮುರಿಯಲು ಚೂರು ಕ್ಷಾರ ಬೆರೆಸುತ್ತಿದ್ದರು. ಹಬೆಯ ಶಾಖ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುವುದರಿಂದ ಬನ್ನು ಕೆಂಪಾಗುವುದಿಲ್ಲ, ಮೇಲ್ಪದರ ಗಟ್ಟಿಯಾಗುವುದಿಲ್ಲ. ಆದ್ದರಿಂದ ಹಲ್ಲಿಲ್ಲದ ವೃದ್ಧರಿಗೂ ಅಗಿಯಲು ಸುಲಭ. ಹಿಟ್ಟು ಕರಿದಾಗ, ಸುಟ್ಟಾಗ ಉಂಟಾಗುವ ಅಕ್ರಿಲಮೈಡ್ ಎಂಬ ಅನಪೇಕ್ಷಿತ ವಸ್ತುವೂ ಇದರಲ್ಲಿ ಅತ್ಯಲ್ಪ.

100 ಗ್ರಾಂ ಮಾಂಟೌನಲ್ಲಿ ಕೊಬ್ಬು ಸುಮಾರು 1 ಗ್ರಾಂ, ಪ್ರೋಟೀನ್ 7 ಗ್ರಾಂ. ಆದರೆ ಶರ್ಕರಪಿಷ್ಟ ಸುಮಾರು 47 ಗ್ರಾಂ! ಹಬೆ ಎಣ್ಣೆಯನ್ನು ಉಳಿಸುತ್ತದೆ, ಪಿಷ್ಟವನ್ನು ಕಡಿಮೆ ಮಾಡುವುದಿಲ್ಲ. ಬಿಳಿ ಹಿಟ್ಟಿನಲ್ಲಿ ತೌಡು ಹೋಗಿರುತ್ತದೆ. ಅದರೊಂದಿಗೆ ನಾರು ಮತ್ತು ಬಿ ಜೀವಸತ್ವಗಳ ಬಹುಭಾಗವೂ ಹೋಗಿರುತ್ತದೆ. ಹೀಗಾಗಿ ಪಿಷ್ಟ ಬೇಗ ಜೀರ್ಣವಾಗಿ ರಕ್ತದ ಸಕ್ಕರೆ ಥಟ್ಟನೆ ಏರುತ್ತದೆ. ಈ ಏರಿಕೆಯನ್ನು ಅಳೆಯುವ ಗ್ಲೈಸೆಮಿಕ್ ಸೂಚ್ಯಂಕದಲ್ಲಿ 70 ದಾಟಿದರೆ ಹೆಚ್ಚು ಎಂದರ್ಥ. ಬಿಳಿ ಮಾಂಟೌನದು 80ಕ್ಕೂ ಮೇಲೆ.

ಹಾಗೆಂದು ಇದನ್ನು ದೂರವಿಡಬೇಕಿಲ್ಲ. ತೌಡು ತೆಗೆಯದ ಗೋಧಿ ಹಿಟ್ಟಿನದಾದರೆ ಉತ್ತಮ. ಬರಿದೇ ತಿನ್ನದೆ ತರಕಾರಿಯ ಜೊತೆಗೆ ಸೋಯಾ, ಬೇಳೆ ಅಥವಾ ಮೊಟ್ಟೆ ಇರಲಿ. ಗೋಧಿಯಲ್ಲಿ ಕೊರತೆಯಿರುವ ಲೈಸಿನ್ ಇವುಗಳಿಂದ ದೊರೆಯುತ್ತದೆ, ಸಕ್ಕರೆಯ ಏರಿಕೆಯೂ ನಿಧಾನವಾಗುತ್ತದೆ. ಹೋಟೆಲುಗಳಲ್ಲಿ ಮಾಂಟೌವನ್ನು ಕರಿದು, ಸಿಹಿಯಾದ ಗಟ್ಟಿ ಹಾಲಿನೊಂದಿಗೆ ಕೊಡುವುದುಂಟು. ಆಗ ಹಬೆಯ ಲಾಭವೂ ಇಲ್ಲ. ಮನೆಯಲ್ಲಿ ಮಧುಮೇಹಿಗಳಿದ್ದರೆ ಅವರು ಇದನ್ನು 'ಪಥ್ಯದ ತಿಂಡಿ' ಎಂದು ಭಾವಿಸದೆ, ಅಳತೆಯನ್ನು ವೈದ್ಯರಲ್ಲಿ ಕೇಳಿ ತಿಳಿಯಲಿ.

ತಿಂಡಿಯನ್ನು ಹೇಗೆ ಬೇಯಿಸಿದ್ದಾರೆ ಎಂದು ಕೇಳುವಷ್ಟೇ, ಯಾವ ಹಿಟ್ಟಿನಿಂದ ಮಾಡಿದ್ದಾರೆ ಎಂದೂ ಕೇಳಿ.